ಗ್ಯಾರೆಟ್ ಹೆಸರಿನ ಕಾನೂನು: ಮಗನನ್ನು ಕಳೆದುಕೊಂಡ ಮನೆಯೊಂದರ ಪ್ರಕರಣ ಅಧ್ಯಯನ

2004ರ ಜುಲೈ 8ರಂದು ಅಮೆರಿಕದ ಸೆನೆಟ್‌ನಲ್ಲಿ ಒರೆಗಾನ್ ರಾಜ್ಯದ ಸದಸ್ಯ ಗಾರ್ಡನ್ ಸ್ಮಿತ್ ತಮ್ಮ ಮಗ ಗ್ಯಾರೆಟ್ ಬಗ್ಗೆ ಮಾತನಾಡಲು ಎದ್ದು ನಿಂತಾಗ, ಆ ಹುಡುಗ ಆತ್ಮಹತ್ಯೆಯಿಂದ ತೀರಿಹೋಗಿ ಸರಿಯಾಗಿ ಹತ್ತು ತಿಂಗಳಾಗಿತ್ತು. ಅಂದು ಸದನದ ಮುಂದಿದ್ದದ್ದು ಯುವಜನರ ಆತ್ಮಹತ್ಯೆ ತಡೆಗೆ ಹಣ ಒದಗಿಸುವ ಮಸೂದೆ. ಮಸೂದೆಯ ಪರವಾಗಿ ಮಾಡುವ ಭಾಷಣಕ್ಕೆ ಇರುವ ಸಿದ್ಧ ಮಾದರಿಯನ್ನು ಬದಿಗಿಟ್ಟು, ಮಗ ಮನೆಗೆ ಬಂದದ್ದು, ಶಾಲೆಯಲ್ಲಿ ಅಕ್ಷರಗಳ ಜೊತೆ ಗುದ್ದಾಡಿದ್ದು, ವರ್ಷ ಕಳೆದಂತೆ ಮನಸ್ಸು ಕುಗ್ಗುತ್ತ ಹೋದದ್ದು, ಇವನ್ನೆಲ್ಲ ಅವರು ಗಂಟಲು ಕಟ್ಟಿದ ದನಿಯಲ್ಲೇ ಹೇಳಿದರು. ಅಂದು ಮಾತನಾಡಿದವರಲ್ಲಿ ಒಕ್ಲಹೋಮದ ಡಾನ್ ನಿಕ್ಕಲ್ಸ್ ಮತ್ತು ನೆವಾಡದ ಹ್ಯಾರಿ ರೀಡ್ ಇಬ್ಬರೂ ತಮ್ಮ ತಮ್ಮ ತಂದೆಯನ್ನು ಹೀಗೆಯೇ ಕಳೆದುಕೊಂಡವರು. ಮೊದಲಿನವರು ರಿಪಬ್ಲಿಕನ್, ಎರಡನೆಯವರು ಡೆಮಾಕ್ರಟ್. ಅದೇ ದಿನ ಮಸೂದೆ ಒಂದು ವಿರೋಧವೂ ಇಲ್ಲದೆ ಸೆನೆಟ್ ದಾಟಿತು.

ಆತ್ಮಹತ್ಯೆಯಿಂದ ತಮ್ಮವರನ್ನು ಕಳೆದುಕೊಂಡವರು ಮುಂದೆ ಅದನ್ನು ತಡೆಯುವ ಕೆಲಸಕ್ಕೆ, ಅಥವಾ ತಮ್ಮಂತೆಯೇ ಹಿಂದೆ ಉಳಿದವರಿಗೆ ಆಸರೆಯಾಗುವ ಕೆಲಸಕ್ಕೆ ಇಳಿಯುವುದುಂಟು. ಇಂಥವರ ಬಗ್ಗೆ ನಾವು ಓದುವ ಬರಹಗಳು ಬಹುಮಟ್ಟಿಗೆ ಕಣ್ಣೀರಿನಲ್ಲಿ ಶುರುವಾಗಿ ಚಪ್ಪಾಳೆಯಲ್ಲಿ ಮುಗಿಯುತ್ತವೆ. ಆಮೇಲೆ ಏನಾಯಿತು ಎಂದು ಯಾರೂ ಎಣಿಸಿರುವುದಿಲ್ಲ. ಗ್ಯಾರೆಟ್ ಪ್ರಕರಣದಲ್ಲಿ ಎಣಿಕೆ ನಡೆದಿದೆ, ಅದೂ ವರ್ಷಗಟ್ಟಲೆ, ಅಂಕಿಅಂಶಗಳ ಸಮೇತ. ಒಂದು ಮನೆಯ ದುಃಖದಿಂದ ಹುಟ್ಟಿದ ಕೆಲಸಕ್ಕೆ ಆ ಮನೆಯ ಚಹರೆಯೇ ಬಂದಿತು ಎಂಬುದು ಈ ಅಧ್ಯಯನದಲ್ಲಿ ನಾನು ತೋರಿಸಬೇಕೆಂದಿರುವ ಸಂಗತಿ. ಸಾವು ಹೇಗಾಯಿತು ಎಂಬ ವಿವರ ಇಲ್ಲಿ ಬರುವುದಿಲ್ಲ. ಅದನ್ನು ಬಿಟ್ಟರೂ ಪ್ರಕರಣ ಅರ್ಥವಾಗುತ್ತದೆ, ಮತ್ತು ಅಂಥ ವಿವರ ಈಗಾಗಲೇ ಕುಗ್ಗಿರುವ ಓದುಗರೊಬ್ಬರಿಗೆ ಅಪಾಯ ತರಬಲ್ಲದು.

ಮನೆ

ಗಾರ್ಡನ್ ಸ್ಮಿತ್ ಒರೆಗಾನ್‌ನ ಪೆಂಡಲ್‌ಟನ್ ಪಟ್ಟಣದವರು. ಶೈತ್ಯೀಕರಿಸಿದ ತರಕಾರಿ ಮಾರುವ ಕುಟುಂಬದ ಕಂಪನಿಯನ್ನು ನಡೆಸಿ, 1996ರ ಚುನಾವಣೆಯಲ್ಲಿ ಗೆದ್ದು ಸೆನೆಟ್‌ಗೆ ಬಂದವರು. ಅವರೂ ಪತ್ನಿ ಶೆರನ್ ಕೂಡ ಮೂವರು ಮಕ್ಕಳನ್ನು ದತ್ತು ತೆಗೆದುಕೊಂಡಿದ್ದರು. ಅವರಲ್ಲಿ ಗ್ಯಾರೆಟ್ 1981ರ ಸೆಪ್ಟೆಂಬರ್ 9ರಂದು ಹುಟ್ಟಿ, ಹಸುಗೂಸಾಗಿದ್ದಾಗಲೇ ಈ ಮನೆ ಸೇರಿದವನು. ಆತನಿಗೆ ಡಿಸ್ಲೆಕ್ಸಿಯಾ ಇತ್ತು, ಓದು ಕಷ್ಟವಾಗಿತ್ತು. ಕುಟುಂಬ ಮಾರ್ಮನ್ ಪಂಥದ್ದು. ಆ ಪಂಥದ ಯುವಕರು ಮಾಡುವಂತೆ ಗ್ಯಾರೆಟ್ ಕೂಡ ಧರ್ಮಪ್ರಚಾರದ ಸೇವೆಗೆಂದು ಇಂಗ್ಲೆಂಡಿಗೆ ಹೋಗಿಬಂದು, ಬಳಿಕ ಯೂಟಾ ರಾಜ್ಯದ ಕಾಲೇಜೊಂದನ್ನು ಸೇರಿದ. ಖಿನ್ನತೆ ಅವನನ್ನು ಬಿಡಲಿಲ್ಲ. ಮಗನಿಗಿದ್ದದ್ದು ಬೈಪೋಲಾರ್ ಕಾಯಿಲೆ ಎಂದು ತಂದೆ ನಂತರ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. 2003ರ ಸೆಪ್ಟೆಂಬರ್ 8ರಂದು, 22 ತುಂಬುವುದಕ್ಕೆ ಒಂದು ದಿನ ಇರುವಾಗ, ಆತ ಮನೆಯಿಂದ ದೂರ, ಕಾಲೇಜಿನ ಊರಿನಲ್ಲಿ ತೀರಿಹೋದ.

ಈ ಮನೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ, ವೈದ್ಯರು ಸಿಗದೆ ಇರುವ ಪ್ರಶ್ನೆಯಿರಲಿಲ್ಲ, ದೇವರ ಮೇಲಿನ ನಂಬಿಕೆಗೂ ಕೊರತೆಯಿರಲಿಲ್ಲ. ಹಾಗಾಗಿ ತಂದೆಯನ್ನು ಕಾಡಿದ ಪ್ರಶ್ನೆ ಬಡವರ ಮನೆಯ ಪ್ರಶ್ನೆಗಿಂತ ಬೇರೆಯಾಗಿತ್ತು: ಇಷ್ಟೆಲ್ಲ ಇದ್ದೂ ನಮಗೆ ಯಾಕೆ ಗೊತ್ತಾಗಲಿಲ್ಲ, ಅಷ್ಟು ದೂರದ ಕಾಲೇಜಿನಲ್ಲಿ ಅವನ ಸುತ್ತ ಇದ್ದವರಿಗೆ ಯಾಕೆ ಗೊತ್ತಾಗಲಿಲ್ಲ? ಮುಂದೆ ಬಂದ ಕಾನೂನನ್ನು ಓದುವಾಗ ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೊದಲೇ ಹದವಾಗಿದ್ದ ನೆಲ

ಸ್ಮಿತ್ ಒಬ್ಬರೇ ಎದ್ದು ನಿಂತು ಕಾನೂನು ತಂದರು ಎಂದು ಹೇಳುವುದು ಕಥೆಗೆ ಚೆಂದ, ಆದರೆ ಹಾಗಾಗಲಿಲ್ಲ. ಅವರಿಗಿಂತ ಸುಮಾರು ಒಂದು ದಶಕ ಮೊದಲು, ಹೆಸರೇ ಕೇಳಿರದ ದಂಪತಿಯೊಬ್ಬರು ನೆಲ ಹದಮಾಡಿದ್ದರು. ಜಾರ್ಜಿಯಾ ರಾಜ್ಯದ ಜೆರ್ರಿ ಮತ್ತು ಎಲ್ಸಿ ವೈರಾಕ್ 1987ರಲ್ಲಿ, ವೈದ್ಯೆಯಾಗಿದ್ದ ತಮ್ಮ ಮಗಳನ್ನು ಕಳೆದುಕೊಂಡರು. ಎಲ್ಲರಂತೆ ಅವರೂ ಮೊದಲು ಸಾಂತ್ವನದ ಗುಂಪುಗಳಲ್ಲಿ ಕುಳಿತು ಎದ್ದವರು. ಆದರೆ ಹೀಗೆ ಪರಸ್ಪರ ಕಣ್ಣೀರು ಒರೆಸಿಕೊಳ್ಳುವುದರ ಆಚೆಗೆ, ಸರ್ಕಾರ ಇದನ್ನು ತನ್ನ ಜವಾಬ್ದಾರಿ ಎಂದು ಒಪ್ಪಿಕೊಳ್ಳುವಂತೆ ಮಾಡಬೇಕು ಎಂಬ ಹಟ ಅವರದು. 1996ರಲ್ಲಿ ಅವರು ಆತ್ಮಹತ್ಯೆ ತಡೆಗಾಗಿ ಒತ್ತಾಯಿಸುವ ಸ್ಪ್ಯಾನ್ ಎಂಬ ಸಂಘಟನೆ ಕಟ್ಟಿ, ತಮ್ಮವರನ್ನು ಕಳೆದುಕೊಂಡ ದೇಶದುದ್ದದ ಮನೆಗಳವರಿಂದ ಪತ್ರಗಳನ್ನು ಬರೆಸಿ, ವಾಷಿಂಗ್ಟನ್‌ಗೆ ಹೊತ್ತು ಸದಸ್ಯರ ಕಚೇರಿಗಳ ಬಾಗಿಲು ತಟ್ಟಿದರು.

ಈ ಸಂಘಟನೆಯ ಸಭೆಗಳಲ್ಲಿ ಒಂದು ವಸ್ತು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಮಗನನ್ನು ಕಳೆದುಕೊಂಡ ಜಾರ್ಜಿಯಾದ ತಾಯಿಯೊಬ್ಬರು ಶುರುಮಾಡಿದ ನೆನಪಿನ ಕೌದಿಗಳು ಅವು. ಒಂದೊಂದು ಚೌಕದಲ್ಲಿ ತೀರಿಹೋದ ಒಬ್ಬೊಬ್ಬರ ಮುಖ, ಹೆಸರು. ಒಂದೊಂದು ರಾಜ್ಯದ್ದು ಒಂದೊಂದು ಕೌದಿ. ಹಳೆಯ ಸೀರೆ, ಕುಪ್ಪಸಗಳ ಚೂರುಗಳನ್ನು ಜೋಡಿಸಿ ಅವ್ವ ಹೊಲಿದ ಕೌದಿಯನ್ನು ಹೊದ್ದು ಮಲಗಿದ ನಮ್ಮ ಉತ್ತರ ಕರ್ನಾಟಕದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಸಕರ ಮುಂದೆ ಅಂಕಿಸಂಖ್ಯೆ ಇಡುವ ಬದಲು ಮುಖಗಳನ್ನು ಹಾಸಿದ್ದು ಅವರ ಜಾಣತನ ಎಂದು ನನ್ನ ಅಭಿಪ್ರಾಯ, ಏಕೆಂದರೆ ಶಾಸಕರಲ್ಲೂ ಮನೆಯೊಳಗೆ ಇಂಥ ಒಂದು ಚೌಕವನ್ನು ಮಡಚಿಟ್ಟುಕೊಂಡವರು ಇದ್ದರು.

ಹ್ಯಾರಿ ರೀಡ್ ಅಂಥವರು. ನೆವಾಡದ ಸರ್ಚ್‌ಲೈಟ್ ಎಂಬ ಪುಟ್ಟ ಗಣಿ ಊರಿನಲ್ಲಿ ಕಾರ್ಮಿಕರಾಗಿದ್ದ ಅವರ ತಂದೆ 1972ರಲ್ಲಿ ತೀರಿಕೊಂಡರು. ಆಗಲೇ ರಾಜಕೀಯದಲ್ಲಿದ್ದ ರೀಡ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಬಗ್ಗೆ ಹೊರಗೆ ಬಾಯಿ ಬಿಡಲಿಲ್ಲ. 1996ರಲ್ಲಿ ವಯೋವೃದ್ಧರ ಖಿನ್ನತೆ, ಆತ್ಮಹತ್ಯೆ ಕುರಿತ ಸೆನೆಟ್ ಸಮಿತಿಯ ಮುಂದೆ ಹೆಸರಾಂತ ಟಿವಿ ಪತ್ರಕರ್ತ ಮೈಕ್ ವಾಲೇಸ್ ತಾವೇ ಖಿನ್ನತೆಯಿಂದ ಬಳಲಿದ್ದನ್ನು ಹೇಳುತ್ತಿದ್ದಾಗ, ಸಮಿತಿಯ ಸದಸ್ಯರಾಗಿ ಕುಳಿತಿದ್ದ ರೀಡ್ ತಮ್ಮ ತಂದೆಯ ಸಾವಿನ ವಿಷಯವನ್ನು ಹೊರಗೆಡವಿದರು. ಮರುವರ್ಷ, 1997ರಲ್ಲಿ, ಆತ್ಮಹತ್ಯೆ ಒಂದು ರಾಷ್ಟ್ರೀಯ ಸಮಸ್ಯೆ, ಅದರ ತಡೆ ರಾಷ್ಟ್ರದ ಆದ್ಯತೆ ಎಂದು ಸಾರುವ ನಿರ್ಣಯವನ್ನು ಸೆನೆಟ್‌ನಲ್ಲಿ ಮಂಡಿಸಿ ಅಂಗೀಕಾರ ಪಡೆದರು. 1998ರ ಅಕ್ಟೋಬರ್‌ನಲ್ಲಿ ಅವರದೇ ರಾಜ್ಯದ ರೀನೋ ನಗರದಲ್ಲಿ ಸಂಶೋಧಕರು, ವೈದ್ಯರು, ಅಧಿಕಾರಿಗಳು ಮತ್ತು ತಮ್ಮವರನ್ನು ಕಳೆದುಕೊಂಡ ಮನೆಯವರು ಒಂದೇ ಸಭಾಂಗಣದಲ್ಲಿ ಕುಳಿತು 81 ಶಿಫಾರಸುಗಳನ್ನು ಹೊರತಂದರು. ಅವುಗಳ ಆಧಾರದ ಮೇಲೆ ಆಗಿನ ಸರ್ಜನ್ ಜನರಲ್ (ದೇಶದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ) ಡೇವಿಡ್ ಸ್ಯಾಚರ್ 1999ರಲ್ಲಿ ಕಾರ್ಯಾಚರಣೆಯ ಕರೆಯನ್ನು ಪ್ರಕಟಿಸಿದರು. 2001ರಲ್ಲಿ ಅಮೆರಿಕದ ಮೊದಲ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿ ಬಂದಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರವನ್ನು ಹೀಗೆ ಉಳಿದವರ ದಿನವಾಗಿ ಗುರುತಿಸುವ ನಿರ್ಣಯವನ್ನು 1999ರಲ್ಲಿ ತಂದವರೂ ರೀಡ್ ಅವರೇ.

ಕಾರ್ಯನೀತಿ ಬಂದರೂ ಅದಕ್ಕೆ ತಕ್ಕ ಹಣ ಬಂದಿರಲಿಲ್ಲ. ಗ್ಯಾರೆಟ್ ತೀರಿಹೋದ ಹೊತ್ತಿಗೆ ಇದ್ದ ಸ್ಥಿತಿ ಇದು: ಕಾಗದ ಸಿದ್ಧವಿದೆ, ಅದನ್ನು ಬಲ್ಲವರು ಸಿದ್ಧರಿದ್ದಾರೆ, ಖಜಾನೆಯ ಬೀಗ ತೆಗೆಸುವವರು ಬೇಕಾಗಿದ್ದಾರೆ.

ಕಾನೂನಿನ ಚಹರೆ

ಮಗ ಹೋದ ಆರು ತಿಂಗಳೊಳಗೆ, 2004ರ ಮಾರ್ಚ್ 2ರಂದು, ಸ್ಮಿತ್ ಯುವಜನರ ಆತ್ಮಹತ್ಯೆ ಕುರಿತ ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷಿಯಾಗಿ ಕುಳಿತರು. ಉಪಸಮಿತಿಯ ಅಧ್ಯಕ್ಷ, ಒಹಾಯೋದ ಮೈಕ್ ಡಿವೈನ್, 1993ರಲ್ಲಿ ಮಗಳನ್ನು ಕಾರು ಅಪಘಾತದಲ್ಲಿ ಕಳೆದುಕೊಂಡಿದ್ದವರು. ಆರು ತಿಂಗಳು ಎಂಬುದನ್ನು ಇಲ್ಲಿ ನಿಂತು ಗಮನಿಸಬೇಕು. ಹೀಗೆ ಉಳಿದವರಲ್ಲಿ ಬೇರೆಯವರಿಗೆ ಆಸರೆಯಾಗಲು ಮುಂದೆ ಬರುವವರನ್ನು ಸಂಘಟನೆಗಳು ಸಾಮಾನ್ಯವಾಗಿ ಒಂದೆರಡು ವರ್ಷ ಕಾಯಿರಿ ಎಂದು ಕೇಳಿಕೊಳ್ಳುತ್ತವೆ. ಹಸಿ ಗಾಯವನ್ನು ಪದೇಪದೇ ಜನರ ಮುಂದೆ ಬಿಚ್ಚಿದರೆ ಅದು ಮಾಯುವುದು ತಡವಾಗುತ್ತದೆ, ಕೇಳುವವರಿಗೂ ಅದು ಹೊರೆಯಾಗಬಹುದು. ಸ್ಮಿತ್ ಕಾಯಲಿಲ್ಲ. ಕಾಯಬೇಕಿತ್ತೆಂದು ನಾನು ಹೇಳಲಾರೆ, ಏಕೆಂದರೆ ಕಾಯ್ದಿದ್ದರೆ ಆ ಅಧಿವೇಶನವೇ ಮುಗಿದುಹೋಗುತ್ತಿತ್ತು. ಆದರೆ ಅವರ ಸುತ್ತ ಸಿಬ್ಬಂದಿ, ಸಹೋದ್ಯೋಗಿಗಳು, ಧರ್ಮಸಭೆ ಎಲ್ಲವೂ ಇದ್ದವು. ಅಷ್ಟು ಆಸರೆಯಿಲ್ಲದ ಒಬ್ಬ ತಾಯಿಗೆ ನಾನು ಅವರ ಉದಾಹರಣೆ ಕೊಟ್ಟು ಆರನೇ ತಿಂಗಳಿಗೆ ವೇದಿಕೆ ಹತ್ತಿಸುವುದಿಲ್ಲ.

ಅಲ್ಲಿ ಅದಾಗಲೇ ಎರಡು ಪ್ರತ್ಯೇಕ ಮಸೂದೆಗಳು ಚರ್ಚೆಯಲ್ಲಿದ್ದವು. ಒಂದು ಯುವಜನರಲ್ಲಿ ಅಪಾಯವನ್ನು ಬೇಗ ಗುರುತಿಸುವುದಕ್ಕೆ ರಾಜ್ಯಗಳಿಗೆ ನೆರವು ಕೊಡುವಂಥದು, ಇನ್ನೊಂದು ಕಾಲೇಜುಗಳಲ್ಲಿ ಆಪ್ತಸಮಾಲೋಚನೆಗೆ ನೆರವು ಕೊಡುವಂಥದು. ಡಿವೈನ್, ಕನೆಕ್ಟಿಕಟ್‌ನ ಕ್ರಿಸ್ ಡಾಡ್, ರೋಡ್ ಐಲೆಂಡ್‌ನ ಜ್ಯಾಕ್ ರೀಡ್ ಮತ್ತು ಸ್ಮಿತ್ ಸೇರಿ ಇವೆರಡನ್ನೂ ಹೆಣೆದು, ಅದಕ್ಕೆ ಗ್ಯಾರೆಟ್ ಲೀ ಸ್ಮಿತ್ ಸ್ಮಾರಕ ಕಾಯ್ದೆ ಎಂಬ ಹೆಸರಿಟ್ಟರು. ಸೆನೆಟ್‌ನಲ್ಲಿ ಸಲೀಸಾಗಿ ದಾಟಿದ ಮಸೂದೆಗೆ ಕೆಳಮನೆಯಲ್ಲಿ ಪ್ರಶ್ನೆಗಳು ಎದುರಾದವು. ಶಾಲೆಯವರು ನಮ್ಮ ಮಗುವಿನ ಮನಸ್ಸನ್ನು ನಮ್ಮನ್ನು ಕೇಳದೆ ತಪಾಸಣೆ ಮಾಡುವುದು ಸರಿಯೆ, ಮಾತ್ರೆ ನುಂಗಿದರೆ ಮಾತ್ರ ತರಗತಿಗೆ ಬಾ ಎಂದರೆ ಏನು ಮಾಡುವುದು ಎಂಬುದು ವಿರೋಧಿಗಳ ಆತಂಕ. ಅವರಲ್ಲಿ ಹೆಚ್ಚಿನವರು ಸ್ಮಿತ್ ಅವರದೇ ಪಕ್ಷದವರು. ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು, ಔಷಧಿ ತೆಗೆದುಕೊಳ್ಳುವುದನ್ನು ಶಾಲೆಗೆ ಬರುವ ಷರತ್ತಾಗಿ ಮಾಡುವಂತಿಲ್ಲ ಎಂಬ ಮಾತುಗಳು ಸೇರಿದ ಮೇಲೆ, ಸೆಪ್ಟೆಂಬರ್‌ನಲ್ಲಿ, ಗ್ಯಾರೆಟ್‌ನ ಮೊದಲ ವರ್ಷಾಬ್ದಿಕದ ಹೊತ್ತಿಗೆ, 352–64 ಮತಗಳಿಂದ ಅದು ಕೆಳಮನೆಯನ್ನೂ ದಾಟಿತು. ಅಧ್ಯಕ್ಷ ಜಾರ್ಜ್ ಬುಷ್ 2004ರ ಅಕ್ಟೋಬರ್ 21ರಂದು ಸಹಿ ಹಾಕಿದರು. ಮೊದಲ ಮೂರು ವರ್ಷಕ್ಕೆಂದು ಮಂಜೂರಾದ ಮಿತಿ 8 ಕೋಟಿ 20 ಲಕ್ಷ ಡಾಲರ್.

ಹಣ ಮುಖ್ಯವಾಗಿ ಎರಡು ದಾರಿಯಲ್ಲಿ ಹರಿಯಿತು: ರಾಜ್ಯಗಳಿಗೆ ಮತ್ತು ಮೂಲನಿವಾಸಿ ಸಮುದಾಯಗಳಿಗೆ ಒಂದು, ಕಾಲೇಜುಗಳಿಗೆ ಇನ್ನೊಂದು. ಎಲ್ಲರಿಗೂ ಮಾಹಿತಿ ಒದಗಿಸುವ ರಾಷ್ಟ್ರೀಯ ಸಂಪನ್ಮೂಲ ಕೇಂದ್ರಕ್ಕೂ ಒಂದು ಪಾಲಿತ್ತು. ನೆಲದ ಮೇಲೆ ಅದು ಹೆಚ್ಚಾಗಿ ಕಂಡದ್ದು ತರಬೇತಿಯ ರೂಪದಲ್ಲಿ. ಶಿಕ್ಷಕರು, ಹಾಸ್ಟೆಲ್ ವಾರ್ಡನ್‌ಗಳು, ಪೊಲೀಸರು, ಧರ್ಮಗುರುಗಳು, ಕ್ರೀಡಾ ತರಬೇತುದಾರರು, ಹೀಗೆ ಹುಡುಗ ಹುಡುಗಿಯರನ್ನು ದಿನವೂ ನೋಡುವವರನ್ನು ಕೂರಿಸಿ, ಅಪಾಯದ ಲಕ್ಷಣ ಕಂಡರೆ ಸುತ್ತುಬಳಸದೆ ಕೇಳುವುದು, ನೆರವು ಪಡೆಯಲು ಒಪ್ಪಿಸುವುದು, ನೆರವಿನ ಬಾಗಿಲವರೆಗೆ ತಲುಪಿಸುವುದು ಎಂಬುದನ್ನು ಕಲಿಸಲಾಯಿತು. ಕ್ಯೂಪಿಆರ್, ಅಸಿಸ್ಟ್ ಮೊದಲಾದ ಹೆಸರಿನ ತರಬೇತಿಗಳು ಇವೇ. ಕಾವಲು ಬಾಗಿಲಿನವರು ಎಂಬ ಅರ್ಥದಲ್ಲಿ ಇಂಥವರನ್ನು ಅಲ್ಲಿ ಗೇಟ್‌ಕೀಪರ್ ಎನ್ನುತ್ತಾರೆ. ನಮ್ಮ ತರಬೇತಿಗಳಲ್ಲೂ ಆ ಪದವೇ ಬಳಕೆಯಲ್ಲಿದೆ.

ಈಗ ಆ ತಂದೆಯ ಪ್ರಶ್ನೆಗೆ ಮರಳೋಣ. ನಮಗೆ ಯಾಕೆ ಗೊತ್ತಾಗಲಿಲ್ಲ ಎಂಬುದರ ಉತ್ತರವಾಗಿ ಬಂದದ್ದು ಗುರುತಿಸುವುದನ್ನು ಕಲಿಸುವ ಕಾನೂನು. ಮಗ ಇದ್ದದ್ದು ಕಾಲೇಜಿನಲ್ಲಿ, ಹಾಗಾಗಿ ಕಾಲೇಜಿಗೆ ಪ್ರತ್ಯೇಕ ಪಾಲು. ಮಗ ಎಳೆಯ ಪ್ರಾಯದವನು, ಹಾಗಾಗಿ ಕಾನೂನು ಯುವಜನರದ್ದು. ಹ್ಯಾರಿ ರೀಡ್ ಮತ್ತು ನಿಕ್ಕಲ್ಸ್ ಅದರ ಪರ ಎದ್ದುನಿಂತು ನೆನೆದ ತಂದೆಯರ ವಯಸ್ಸಿನವರಿಗೆ ಅದರಲ್ಲಿ ಏನೂ ಇರಲಿಲ್ಲ. ಸಾಯಲು ಬಳಸುವ ಸಾಧನ ಕೈಗೆ ಸಿಗದಂತೆ ದೂರ ಇಡುವುದು, ಈ ಕ್ಷೇತ್ರದಲ್ಲಿ ಅತ್ಯಂತ ಗಟ್ಟಿ ಪುರಾವೆಯಿರುವ ಕ್ರಮ, ಈ ಕಾಯ್ದೆಯ ನಡುಬಿಂದುವಾಗಲಿಲ್ಲ. ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಶ್ರೀಲಂಕಾದಲ್ಲಿ 1990ರ ದಶಕದ ನಡುವಿನಿಂದ ಮುಂದಿನ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು 70 ಪ್ರತಿಶತ ಇಳಿಯಿತು. ಆದರೆ ಮಗನ ಫೋಟೋ ಹಿಡಿದು ನಿಂತ ತಂದೆ ಸಾಮಾನ್ಯವಾಗಿ ಯಾರಾದರೂ ಅವನ ಜೊತೆ ಮಾತನಾಡಬೇಕಿತ್ತು ಎನ್ನುತ್ತಾನೆಯೇ ಹೊರತು, ಅಂಗಡಿಯಲ್ಲಿ ಆ ಡಬ್ಬ ಇರಬಾರದಿತ್ತು ಎನ್ನುವುದಿಲ್ಲ. ಇದು ಆ ತಂದೆಯ ತಪ್ಪಲ್ಲ. ಕಾನೂನು ಬರೆಯುವವರು ಮಾತ್ರ ತಂದೆಯ ಮಾತಿನ ಆಚೆಗೂ ಕಿವಿಗೊಡಬೇಕಾಗುತ್ತದೆ.

ಎಣಿಕೆ

ಈ ಕಾಯ್ದೆಯ ಒಳ್ಳೆಯ ಗುಣವೆಂದರೆ ಮೌಲ್ಯಮಾಪನಕ್ಕೂ ಅದರೊಳಗೇ ಜಾಗವಿತ್ತು. ತರಬೇತಿ ನಡೆದ ಕೌಂಟಿಗಳನ್ನು (ನಮ್ಮ ಜಿಲ್ಲೆಗಳ ಹಾಗೆ ಎನ್ನಬಹುದು) ಅವುಗಳಂತೆಯೇ ಇದ್ದು ತರಬೇತಿ ನಡೆಯದ ಕೌಂಟಿಗಳೊಂದಿಗೆ ಹೋಲಿಸಿದ ಎರಡು ಅಧ್ಯಯನಗಳು 2015ರಲ್ಲಿ ಪ್ರಕಟವಾದವು. ತರಬೇತಿಯ ಮರುವರ್ಷ 10ರಿಂದ 24 ವಯಸ್ಸಿನವರಲ್ಲಿ ಆತ್ಮಹತ್ಯೆಯ ಸಾವುಗಳು, ತರಬೇತಿ ಇಲ್ಲದಿದ್ದರೆ ಇರಬಹುದಾಗಿದ್ದಕ್ಕಿಂತ, ಲಕ್ಷಕ್ಕೆ 1.33ರಷ್ಟು ಕಡಿಮೆ ಇದ್ದವು. 2007ರಿಂದ 2010ರ ಅವಧಿಯಲ್ಲಿ ಹೀಗೆ ತಪ್ಪಿದ ಸಾವುಗಳು 427 ಎಂದು ಅಂದಾಜು. ಇನ್ನೊಂದು ಅಧ್ಯಯನ ಆತ್ಮಹತ್ಯೆಯ ಪ್ರಯತ್ನಗಳನ್ನು ನೋಡಿತು: 16ರಿಂದ 23 ವಯಸ್ಸಿನವರಲ್ಲಿ ಸಾವಿರಕ್ಕೆ 4.9ರಷ್ಟು ಕಡಿಮೆ, 2008–2011ರಲ್ಲಿ 79,000ಕ್ಕೂ ಹೆಚ್ಚು ಪ್ರಯತ್ನಗಳು ತಪ್ಪಿದವೆಂದು ಲೆಕ್ಕ. ಮಗನ ಹೆಸರಿನ ಕಾನೂನಿನಿಂದ 427 ಮನೆಗಳಿಗೆ ಆ ಫೋನ್ ಕರೆ ಬರಲಿಲ್ಲ ಎಂಬುದು ಒಬ್ಬ ತಂದೆಗೆ ಏನಾಗಿ ಕೇಳಿಸಿರಬಹುದು ಎಂದು ಊಹಿಸುವುದನ್ನು ಓದುಗರಿಗೇ ಬಿಡುತ್ತೇನೆ.

ಎರಡೂ ಅಧ್ಯಯನಗಳಲ್ಲಿ ಇನ್ನೊಂದು ಸಾಲಿದೆ, ಚಪ್ಪಾಳೆಯ ಬರಹಗಳು ಅದನ್ನು ಬಿಟ್ಟುಬಿಡುತ್ತವೆ. ಮೊದಲ ವರ್ಷ ಕಂಡ ವ್ಯತ್ಯಾಸ ಅದರಾಚೆಗೆ ಉಳಿಯಲಿಲ್ಲ. ತರಬೇತಿ ನಿಂತ ಮೇಲೆ ಆ ಕೌಂಟಿಗಳು ಉಳಿದವುಗಳಂತೆಯೇ ಆದವು. ಪುತ್ರಶೋಕಂ ನಿರಂತರಂ ಎನ್ನುತ್ತೇವೆ; ಅದರಿಂದ ಹುಟ್ಟಿದ ತರಬೇತಿಯ ಆಯುಷ್ಯ ಒಂದು ವರ್ಷದ್ದಾಗಿತ್ತು. ಮುಂದೆ 2019ರಲ್ಲಿ, ಇನ್ನೂ ದೀರ್ಘ ಅವಧಿಯನ್ನು ತೆಗೆದುಕೊಂಡು ಮಾಡಿದ ವಿಶ್ಲೇಷಣೆ ಈ ಚಿತ್ರವನ್ನು ಸ್ವಲ್ಪ ತಿದ್ದಿತು: ಒಂದೇ ಕಡೆ ಹಲವು ವರ್ಷ ಸತತವಾಗಿ ಕೆಲಸ ನಡೆದಲ್ಲಿ ಫಲ ಹೆಚ್ಚು ಮತ್ತು ಬಾಳಿಕೆ ಹೆಚ್ಚು, ಹಳ್ಳಿಗಾಡಿನ ಕೌಂಟಿಗಳಲ್ಲಿ ಇನ್ನೂ ಹೆಚ್ಚು. ಕಾರಣ ಊಹಿಸುವುದು ಕಷ್ಟವಲ್ಲ. ಕಲಿತ ಶಿಕ್ಷಕಿ ವರ್ಗವಾಗಿ ಹೋಗುತ್ತಾರೆ, ವಾರ್ಡನ್ ಬದಲಾಗುತ್ತಾರೆ, ಉಳಿದವರಿಗೂ ಕಲಿತ ಮಾತು ನಾಲಿಗೆಯಲ್ಲಿ ಜಂಗು ಹಿಡಿಯುತ್ತದೆ. ಹಳ್ಳಿಯಲ್ಲಾದರೆ ಕಲಿತವರು ಅಲ್ಲೇ ಇರುತ್ತಾರೆ, ಅವರಿಗೆ ಪ್ರತಿ ಮನೆಯ ಹುಡುಗನ ಮುಖ ಗೊತ್ತಿರುತ್ತದೆ.

ದೇಶದ ಒಟ್ಟು ಚಿತ್ರ ಇದಕ್ಕಿಂತ ಕಹಿ. ಅಮೆರಿಕದಲ್ಲಿ 10ರಿಂದ 24 ವಯಸ್ಸಿನವರ ಆತ್ಮಹತ್ಯೆ ಪ್ರಮಾಣ 2007ರಲ್ಲಿ ಲಕ್ಷಕ್ಕೆ 6.8 ಇದ್ದದ್ದು 2018ಕ್ಕೆ 10.7ಕ್ಕೆ ಏರಿತು. ತರಬೇತಿ ನಡೆದಲ್ಲಿ ಇಳಿಯಿತು, ದೇಶದಲ್ಲಿ ಏರಿತು. ಈ ಎರಡೂ ಒಟ್ಟಿಗೆ ನಿಜ. ಇದನ್ನು ನೋಡಿ ಕಾನೂನು ಸೋತಿತು ಎನ್ನುವವರಿದ್ದಾರೆ. ಕೆರೆಗೆ ಬರುವ ನೀರು ಹೆಚ್ಚಾದಾಗ ಒಂದು ತೂಬು ಎಷ್ಟು ಹೊರಬಿಟ್ಟಿತು ಎಂಬುದನ್ನು ಕೆರೆಯ ಮಟ್ಟ ನೋಡಿ ಅಳೆಯಲಾಗದು ಎಂಬುದು ಅವರಿಗೆ ನನ್ನ ಉತ್ತರ.

ಎಣಿಕೆಗೆ ಸಿಗದೆ ಹೋದದ್ದು ಆಸರೆಯ ಕೆಲಸ. ಸಾವು ಸಂಭವಿಸಿದ ಮೇಲೆ ಮನೆಯವರಿಗೆ, ಗೆಳೆಯರಿಗೆ, ಶಾಲೆಗೆ ನೆರವು ನೀಡಬೇಕೆಂಬ ಅಂಶ ಕಾಯ್ದೆಯಲ್ಲಿತ್ತು; ಅಳೆದದ್ದು ಮಾತ್ರ ಸಾವು ಮತ್ತು ಪ್ರಯತ್ನಗಳನ್ನು. ಒಬ್ಬ ತಾಯಿ ಎಷ್ಟು ತಿಂಗಳ ಮೇಲೆ ಮಗನ ಕೋಣೆಯ ಬಾಗಿಲು ತೆಗೆದಳು ಎಂಬುದಕ್ಕೆ ಕಾಲಂ ಇಲ್ಲ. ಉಳಿದವರ ಗುಂಪನ್ನು ಹೇಗೆ ಕಟ್ಟಬೇಕು ಎಂಬುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2000ರಲ್ಲೇ ಒಂದು ಕೈಪಿಡಿ ತಂದು 2008ರಲ್ಲಿ ಪರಿಷ್ಕರಿಸಿದೆ. ಎಷ್ಟು ಜನ, ಎಷ್ಟು ಹೊತ್ತು, ಮುನ್ನಡೆಸುವವರು ಯಾರು ಎಂಬಂಥ ಸಣ್ಣ ಸಂಗತಿಗಳ ಬಗ್ಗೆಯೂ ಯೋಚಿಸಿ ಬರೆದ ಉಪಯುಕ್ತ ಪುಸ್ತಿಕೆ ಅದು.

ಸ್ಮಿತ್ 2006ರಲ್ಲಿ ಮಗನ ಬಗ್ಗೆ ಒಂದು ಪುಸ್ತಕ ಬರೆದರು, 2008ರ ಚುನಾವಣೆಯಲ್ಲಿ ಸೋತು ಸೆನೆಟ್‌ನಿಂದ ಹೊರಬಂದರು. ವೈರಾಕ್ ದಂಪತಿಯ ಸಂಘಟನೆ 2009ರಲ್ಲಿ ಇನ್ನೊಂದು ದೊಡ್ಡ ಸಂಸ್ಥೆಯಲ್ಲಿ ವಿಲೀನವಾಯಿತು. 2016ರ ಡಿಸೆಂಬರ್‌ನಲ್ಲಿ ಬೃಹತ್ ವೈದ್ಯಕೀಯ ಕಾಯ್ದೆಯೊಂದರ ಭಾಗವಾಗಿ ಗ್ಯಾರೆಟ್ ಹೆಸರಿನ ಯೋಜನೆಗಳು ನವೀಕರಣಗೊಂಡಾಗ, ಆ ತಂದೆ ಸದನದಲ್ಲಿರಲಿಲ್ಲ. ಅವರಿಲ್ಲದೆಯೂ ಅದು ನಡೆಯಿತು ಎಂಬುದನ್ನು ನಾನು ಈ ಪ್ರಕರಣದ ದೊಡ್ಡ ಗೆಲುವೆಂದು ಎಣಿಸುತ್ತೇನೆ, ಏಕೆಂದರೆ ಎಷ್ಟೋ ಸ್ಮಾರಕ ಕೆಲಸಗಳು ಶುರುಮಾಡಿದವರು ದಣಿದ ದಿನವೇ ನಿಂತುಹೋಗುತ್ತವೆ.

ಇಲ್ಲಿ

ನಮ್ಮಲ್ಲಿ ಹೀಗೆ ಉಳಿದವರಿಗೆ ಮೊದಲು ತೆರೆಯುವ ಬಾಗಿಲು ಪೊಲೀಸ್ ಠಾಣೆಯದು. ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ, ಪಂಚನಾಮೆಯಾಗುತ್ತದೆ, ಮರುದಿನ ಪತ್ರಿಕೆಯ ಒಳಪುಟದಲ್ಲಿ ಜೀವನದಲ್ಲಿ ಜಿಗುಪ್ಸೆಗೊಂಡು ಎಂದೋ ಹೊಟ್ಟೆನೋವು ತಾಳಲಾರದೆ ಎಂದೋ ನಾಲ್ಕು ಸಾಲು ಬರುತ್ತದೆ. ಆತ್ಮಹತ್ಯೆಯ ಪ್ರಯತ್ನ ದಂಡ ಸಂಹಿತೆಯ ಪ್ರಕಾರ ಅಪರಾಧವಾಗಿದ್ದ ದೇಶ ಇದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ದೂರವಿಟ್ಟಿತು. ಆದರೂ ಊರಿಗೆ ಹಾರ್ಟ್ ಅಟ್ಯಾಕ್ ಎಂದು ಹೇಳಿ ಕಾರ್ಯ ಮುಗಿಸುವ ಮನೆಗಳು ಇನ್ನೂ ಇವೆ. ಹ್ಯಾರಿ ರೀಡ್ ಎರಡು ದಶಕಕ್ಕೂ ಮೀರಿ ಹೊತ್ತ ಮೌನವನ್ನು ನಮ್ಮಲ್ಲಿ ಜೀವನಪೂರ್ತಿ ಹೊರುತ್ತಾರೆ.

ಬಾಗಿಲು ಯಾವುದೋ ದುಃಖದ ದಾರಿಯೂ ಅದೇ ಆಗುತ್ತದೆ. ದೆಹಲಿ ಐಐಟಿಯಲ್ಲಿ ಮಕ್ಕಳನ್ನು ಕಳೆದುಕೊಂಡ ಪೋಷಕರು ಸುಪ್ರೀಂ ಕೋರ್ಟಿಗೆ ಹೋದದ್ದು ಎಫ್‌ಐಆರ್ ದಾಖಲಿಸಿ ಎಂದು. ಮಗಳನ್ನು ಕಳೆದುಕೊಂಡ ಇನ್ನೊಬ್ಬ ತಂದೆ ಹೋದದ್ದು ಸಿಬಿಐ ತನಿಖೆ ಬೇಕೆಂದು. ಮೊದಲ ಪ್ರಕರಣದಲ್ಲಿ 2025ರ ಮಾರ್ಚ್‌ನಲ್ಲಿ ಕೋರ್ಟು, ಮೈಸೂರಿನಲ್ಲಿ ಜನಿಸಿದ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಎರಡನೆಯದರಲ್ಲಿ ಅದೇ ವರ್ಷದ ಜುಲೈ 25ರಂದು, 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಹೀಗೆ ತೀರಿಹೋದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) ಲೆಕ್ಕವನ್ನು ಎದುರಿಗಿಟ್ಟುಕೊಂಡು, ಶಾಸನ ಬರುವವರೆಗೆ ಎಲ್ಲ ಶಿಕ್ಷಣ ಸಂಸ್ಥೆಗಳೂ ಪಾಲಿಸಬೇಕಾದ ಮಾರ್ಗಸೂಚಿ ಹೊರಡಿಸಿತು: 100 ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹ ಆಪ್ತಸಮಾಲೋಚಕರು, ಹಾಸ್ಟೆಲ್ ಮತ್ತು ತರಗತಿಗಳಲ್ಲಿ ಟೆಲಿ ಮಾನಸ್ ಸೇರಿದಂತೆ ಸಹಾಯವಾಣಿಯ ಸಂಖ್ಯೆಗಳು, ಬೋಧಕ, ಬೋಧಕೇತರ ಸಿಬ್ಬಂದಿಗೆಲ್ಲ ವರ್ಷಕ್ಕೆ ಕನಿಷ್ಠ ಎರಡು ಬಾರಿ ತರಬೇತಿ. ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡಬಹುದು. ಮನೆಯವರನ್ನು ಹೀಗೆ ಕಳೆದುಕೊಂಡವರೂ ಕರೆ ಮಾಡಬಹುದು, ಇದು ಬಹಳ ಜನರಿಗೆ ತಿಳಿದಿಲ್ಲ.

ಕಾಲೇಜು ಅಧ್ಯಾಪಕರಿಗೆ ಇಂಥ ತರಬೇತಿ ನಡೆಸುವಾಗ ನಾನು ಪ್ರತಿ ಸಲವೂ ಎಡವುವ ಒಂದು ಜಾಗವಿದೆ. ವಿದ್ಯಾರ್ಥಿಯ ಎದುರು ಕುಳಿತು, ನಿನಗೆ ಸಾಯಬೇಕು ಅಂತ ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳುವ ಅಭ್ಯಾಸ ಮಾಡಿಸುತ್ತೇವೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ, ಸಂಶೋಧನೆಗಳು ಅದಕ್ಕೆ ವಿರುದ್ಧವಾಗಿವೆ ಎಂದು ಮೊದಲೇ ವಿವರಿಸಿರುತ್ತೇವೆ. ಆದರೂ ಇಬ್ಬಿಬ್ಬರಾಗಿ ಕೂತು ಆ ವಾಕ್ಯವನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಯಾರಾದರೊಬ್ಬರ ಬಾಯಿಂದ ತನ್ನಿಂದ ತಾನೇ ಬಿಡ್ತು ಅನ್ನು ಎಂಬ ಮಾತು ಹೊರಬೀಳುತ್ತದೆ. ಕೋಣೆಯೆಲ್ಲ ನಗುತ್ತದೆ, ನಾನೂ ನಗುತ್ತೇನೆ. ಚಿಕ್ಕಂದಿನಿಂದ ಅಪಶಕುನದ ಮಾತಿಗೆ ಅಜ್ಜಿ ಕಲಿಸಿದ ಉತ್ತರ ಅದು. ಅದನ್ನು ದಾಟಿ ಆ ಪ್ರಶ್ನೆಯನ್ನು ದನಿ ನಡುಗದೆ ಕೇಳುವುದಕ್ಕೆ ಎರಡನೇ ಅಭ್ಯಾಸ ಬೇಕು, ಮೂರನೆಯದು ಬೇಕು.

ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ತರಬೇತಿಯ ದಿನಾಂಕ ಕೇಳಲು ಹೋದಾಗ ಪ್ರಾಂಶುಪಾಲರು, ಹೋದ ವರ್ಷವೇ ಎಲ್ಲರಿಗೂ ಆಯಿತಲ್ಲ, ಸರ್ಟಿಫಿಕೇಟೂ ಕೊಟ್ಟಿದ್ದೀರಿ, ಮತ್ತೆ ಯಾಕೆ ಎಂದು ಕೇಳಿದರು. ಜಗಳವಾಡುವ ಧಾಟಿಯಲ್ಲಿ ಕೇಳಿದ್ದಲ್ಲ. ಪರೀಕ್ಷೆ, ನ್ಯಾಕ್ ತಪಾಸಣೆ, ಯುವಜನೋತ್ಸವ, ಎಲ್ಲವೂ ಅವರ ಮೇಜಿನ ಮೇಲಿತ್ತು. ನಾನು ಗ್ಯಾರೆಟ್ ಹೆಸರು ಹೊತ್ತ ಆ ಅಮೆರಿಕದ ಅಧ್ಯಯನದ ನಕ್ಷೆ ತೆಗೆದು, ತರಬೇತಿಯ ಮರುವರ್ಷ ಕೆಳಗಿಳಿದು ಅದರ ಮುಂದಿನ ವರ್ಷ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತ ಗೆರೆಯನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಸ್ವಲ್ಪ ಹೊತ್ತು ನೋಡಿ, ಈ ಹುಡುಗ ಯಾರು ಎಂದು ಕೇಳಿದರು. ಗ್ಯಾರೆಟ್ ಬಗ್ಗೆ ಹೇಳಿದೆ. ಕ್ಯಾಲೆಂಡರ್ ಕೈಗೆತ್ತಿಕೊಂಡು, ಇಂಟರ್ನಲ್ಸ್ ಮುಗಿದ ಮೇಲಿನ ಶನಿವಾರ ಆಗಬಹುದೇ ಎಂದರು.